ಕಳುಹಿಸಿದ ಮಾತು ಯಾರದು?

'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಎಂದು ಹಿರಿಯರು ನಮ್ಮನ್ನು ಎಚ್ಚರಿಸುತ್ತಿದ್ದರು. ಇಂದೋ ನಮ್ಮ ಮನೆಗಳಲ್ಲಿ ಮಕ್ಕಳೂ ದೊಡ್ಡವರೂ ಆಡಿದ ಮಾತನ್ನು ಸಲೀಸಾಗಿ ಹಿಂದಕ್ಕೆ ಪಡೆಯುತ್ತಿದ್ದಾರೆ. ವಾಟ್ಸಾಪಿನಲ್ಲಿ ಒಂದು ಸಾಲು ಬರುತ್ತದೆ. ಓದುವಷ್ಟರಲ್ಲಿ ಅದು ಮಾಯವಾಗಿ, ಸಂದೇಶ ಅಳಿಸಲಾಗಿದೆ ಎಂಬ ಗುರುತು ಮಾತ್ರ ಉಳಿಯುತ್ತದೆ. ಹೀಗೆ ಅಳಿಸುವುದು ನಮ್ಮ ಹಕ್ಕೇ? ಹಕ್ಕಾದರೆ, ಯಾರ ಎದುರಿಗೆ?

ಪ್ರಿಯ ಓದುಗರೇ, ಈ ಪ್ರಶ್ನೆ ಮೊಬೈಲಿಗಿಂತ ಬಹಳ ಹಳೆಯದು. ಇಂಗ್ಲೆಂಡಿನ ಕಥೋಲಿಕ ಕವಿ ಅಲೆಕ್ಸಾಂಡರ್ ಪೋಪ್ (ಹೆಸರು ಮಾತ್ರ ಪೋಪ್!) ತನ್ನ ಖಾಸಗಿ ಪತ್ರಗಳನ್ನು ಒಪ್ಪಿಗೆಯಿಲ್ಲದೆ ಅಚ್ಚು ಹಾಕಿದ ಎಡ್ಮಂಡ್ ಕರ್ಲ್ ಎಂಬ ಪ್ರಕಾಶಕನ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದನು. 1741ರಲ್ಲಿ ಲಾರ್ಡ್ ಹಾರ್ಡ್‌ವಿಕ್ ಕೊಟ್ಟ ತೀರ್ಪು ಹೀಗಿತ್ತು: ಪತ್ರದ ಕಾಗದ ಪಡೆದವನಿಗೆ ಸೇರಿದ್ದು, ಆದರೆ ಅದನ್ನು ಪ್ರಕಟಿಸುವ ಹಕ್ಕು ಬರೆದವನಲ್ಲೇ ಉಳಿಯುತ್ತದೆ. ಅಂದರೆ ಒಂದೇ ಪತ್ರಕ್ಕೆ ಇಬ್ಬರು ಒಡೆಯರು. ಪಡೆದವನು ಅದನ್ನು ಪುಸ್ತಕ ಮಾಡಿ ಮಾರುವಂತಿಲ್ಲ. ಬರೆದವನು ಗೆಳೆಯನ ಪೆಟ್ಟಿಗೆಗೆ ಕೈ ಹಾಕಿ ಅದನ್ನು ಸುಡುವಂತೆಯೂ ಇಲ್ಲ.

ಇಂದಿನ ಆ್ಯಪ್‌ಗಳು ಪೆಟ್ಟಿಗೆಗೆ ಕೈ ಹಾಕಲು ಬಿಡುತ್ತವೆ. ವಾಟ್ಸಾಪ್ 2017ರಲ್ಲಿ ಇದಕ್ಕೆ 7 ನಿಮಿಷ ಕೊಟ್ಟಿತ್ತು. 2022ರಲ್ಲಿ ಅದನ್ನು 2 ದಿನಕ್ಕಿಂತ ತುಸು ಹೆಚ್ಚಿಗೆ ವಿಸ್ತರಿಸಿತು. ಟೆಲಿಗ್ರಾಂ ಇನ್ನೂ ಮುಂದೆ ಹೋಯಿತು. 2019ರ ಮಾರ್ಚ್‌ನಿಂದ ಅಲ್ಲಿ ಇಬ್ಬರ ನಡುವಿನ ಸಂಭಾಷಣೆಯಲ್ಲಿ ಯಾರು ಬೇಕಾದರೂ, ಎಷ್ಟು ಹಳೆಯದಾದರೂ, ಎದುರಿನವರು ಬರೆದದ್ದನ್ನೂ ಸೇರಿಸಿ ಎರಡೂ ಕಡೆ ಅಳಿಸಬಹುದು. ಗುರುತೂ ಉಳಿಯುವುದಿಲ್ಲ. ಇದು ನನಗೆ ಸರಿಯೆನಿಸುವುದಿಲ್ಲ. ನನ್ನ ಮಾತನ್ನು ನಾನು ಹಿಂದಕ್ಕೆ ಪಡೆಯುವುದು ಒಂದು, ನಿಮ್ಮ ಮಾತನ್ನು ನಿಮ್ಮ ಕೈಯಿಂದಲೇ ಕಿತ್ತುಕೊಳ್ಳುವುದು ಇನ್ನೊಂದು.

ಕಾನೂನು ಏನು ಹೇಳುತ್ತದೆ? ಯೂರೋಪಿನ ಒಕ್ಕೂಟದಲ್ಲಿ 2018ರ ಮೇ 25ರಿಂದ ಅನ್ವಯವಾದ ದತ್ತಾಂಶ ರಕ್ಷಣಾ ನಿಯಮದ 17ನೇ ವಿಧಿ, ನಮ್ಮ ಮಾಹಿತಿಯನ್ನು ಅಳಿಸಿರೆಂದು ಸಂಸ್ಥೆಗಳನ್ನು ಕೇಳುವ ಹಕ್ಕನ್ನು ಕೊಟ್ಟಿದೆ. ಬಾಲ್ಯದಲ್ಲಿ ಕೊಟ್ಟ ಮಾಹಿತಿಗೆ ಅಲ್ಲಿ ವಿಶೇಷ ಗಮನವಿದೆ. ಹದಿಮೂರರ ಹರೆಯದಲ್ಲಿ ಬರೆದದ್ದು ಮೂವತ್ತರಲ್ಲಿ ಕೆಲಸಕ್ಕೆ ಅಡ್ಡಬರಬಾರದಲ್ಲವೇ? ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 12ನೇ ಸೆಕ್ಷನ್ನಿನಲ್ಲೂ ಅಳಿಸುವ ಹಕ್ಕು ಇದೆ. ಇದನ್ನು ಹಂತಹಂತವಾಗಿ ಜಾರಿಗೆ ತರುವ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಆದರೆ ಎರಡೂ ಕಾನೂನುಗಳು ಮನೆಯ, ಸ್ವಂತದ ಬಳಕೆಯನ್ನು ಹೊರಗಿಟ್ಟಿವೆ. ಕಂಪನಿಯ ಉಗ್ರಾಣದಲ್ಲಿರುವ ಪ್ರತಿಯನ್ನು ನೀವು ಕೇಳಬಹುದು. ಗೆಳತಿಯ ಫೋನಿನಲ್ಲಿರುವುದು ಅವಳ ಮನಸ್ಸಾಕ್ಷಿಗೆ ಬಿಟ್ಟದ್ದು.

ಕಂಪನಿಯ ಎದುರಿಗೆ ಈ ಹಕ್ಕನ್ನು ಗಟ್ಟಿಯಾಗಿಯೇ ಕೇಳಬೇಕು. ಯುವಜನರು ಹರಟುವ ಡಿಸ್ಕಾರ್ಡ್ ಎಂಬ ವೇದಿಕೆಯನ್ನು ನೋಡಿ. ಮೂರು ವರ್ಷಕ್ಕೂ ಹೆಚ್ಚು ಕಾಲ ಯಾರೂ ಬಳಸದಿದ್ದ 24 ಲಕ್ಷಕ್ಕೂ ಹೆಚ್ಚು ಫ್ರೆಂಚ್ ಖಾತೆಗಳನ್ನು ಅದು ಹಾಗೆಯೇ ಇಟ್ಟುಕೊಂಡಿತ್ತು. ಇದೂ ಸೇರಿದಂತೆ ಹಲವು ಲೋಪಗಳಿಗಾಗಿ ಫ್ರಾನ್ಸಿನ ದತ್ತಾಂಶ ಪ್ರಾಧಿಕಾರವು 2022ರ ನವೆಂಬರ್‌ನಲ್ಲಿ 8 ಲಕ್ಷ ಯೂರೋ ದಂಡ ವಿಧಿಸಿತು. ಅಲ್ಲಿ ಖಾತೆಯನ್ನು ಮುಚ್ಚಿದರೂ ಬರೆದ ಸಂದೇಶಗಳು ತಾವಾಗಿ ಹೋಗುವುದಿಲ್ಲ. ಹೆಸರಿನ ಜಾಗದಲ್ಲಿ ಅಳಿಸಿದ ಬಳಕೆದಾರ ಎಂದು ಬರುತ್ತದೆ, ಅಷ್ಟೇ. ಸಂದೇಶದೊಳಗೇ ಊರು, ಕಾಯಿಲೆ, ಮನೆಯ ಜಗಳ ಎಲ್ಲ ಇದ್ದರೆ ಹೆಸರು ಮರೆಮಾಡಿ ಏನು ಪ್ರಯೋಜನ?

ಆದರೆ ನೊಂದವರ ಎದುರಿಗೆ ಈ ಹಕ್ಕು ನಿಲ್ಲುವುದಿಲ್ಲ. ಹೆಂಡತಿಗೆ ರಾತ್ರಿ ಬೆದರಿಕೆ ಬರೆದು ಬೆಳಿಗ್ಗೆ ಅಳಿಸುವವನು, ಸಾಲ ಪಡೆದೆನೆಂದು ಒಪ್ಪಿದ ಸಾಲನ್ನು ಮಾಯ ಮಾಡುವವನು ತನ್ನ ಖಾಸಗಿತನವನ್ನು ಕಾಯುತ್ತಿಲ್ಲ. ಇನ್ನೊಬ್ಬರ ಸಾಕ್ಷ್ಯವನ್ನು ಕದಿಯುತ್ತಿದ್ದಾನೆ. ಕ್ಷಮೆ ಬೇರೆ, ಅಳಿಸುವಿಕೆ ಬೇರೆ. ಸಂತ ಪೇತ್ರರು ಯೇಸುಸ್ವಾಮಿಯನ್ನು ಅರಿಯೆನೆಂದದ್ದನ್ನು ನಾಲ್ಕೂ ಶುಭಸಂದೇಶಗಳು ದಾಖಲಿಸಿವೆ. ಅವರಿಗೆ ಕ್ಷಮೆ ಸಿಕ್ಕಿತು, ಧರ್ಮಸಭೆಯ ಹೊಣೆಯೂ ಸಿಕ್ಕಿತು. ಆ ಪುಟವನ್ನು ಮಾತ್ರ ಯಾರೂ ಹರಿಯಲಿಲ್ಲ. ಪಾಪನಿವೇದನೆಯ ನಂತರವೂ ಕದ್ದದ್ದನ್ನು ಮರಳಿಸುವ ಹೊಣೆ ಉಳಿಯುತ್ತದಷ್ಟೆ?

ಆದ್ದರಿಂದ ತಾಯಂದಿರೇ, ಹೆಣ್ಣುಮಕ್ಕಳೇ, ಬೆದರಿಕೆಯ ಸಂದೇಶ ಬಂದರೆ ನಾಚಿಕೆಯಿಂದ ನೀವೇ ಅದನ್ನು ಅಳಿಸಬೇಡಿ. ಕಳುಹಿಸಿದವನು ಅಳಿಸುವ ಮೊದಲೇ ಸ್ಕ್ರೀನ್‌ಶಾಟ್ ತೆಗೆಯಿರಿ. ದಿನಾಂಕವೂ ನಂಬರೂ ಕಾಣುವಂತಿರಲಿ. ಆ ಫೋನನ್ನು ಮಾರಬೇಡಿ, ಬದಲಿಸಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನಂತೆ ಇಂಥ ದಾಖಲೆಯೊಡನೆ ಉಪಕರಣದ ವಿವರವಿರುವ ಪ್ರಮಾಣಪತ್ರವನ್ನೂ ಕೊಡಬೇಕಾಗುತ್ತದೆ. ದೂರನ್ನು ಹತ್ತಿರದ ಪೊಲೀಸ್ ಠಾಣೆಯಲ್ಲಿ ಕೊಡಬಹುದು. ಸೈಬರ್ ಅಪರಾಧ ಸಹಾಯವಾಣಿಯ ಸಂಖ್ಯೆ 1930.