ಅಂದಿನವರು ಕಂಡ ನಾಳೆಯ ಅಕ್ಷರ

ಪ್ರಶ್ನೆ: ಹಳೆಯ ಅಂತರಿಕ್ಷ ಸಿನಿಮಾಗಳಲ್ಲಿ ಕಾಣುವ ಚೌಕಾಕಾರದ ‘ಕಂಪ್ಯೂಟರ್ ಅಕ್ಷರ’ಗಳು ಎಲ್ಲಿಂದ ಬಂದವು? ನಮ್ಮ ಶಾಲೆಯ ವಿಜ್ಞಾನ ಮೇಳದ ಬ್ಯಾನರಿಗೆ ಕನ್ನಡದಲ್ಲಿ ಅವನ್ನು ಬಳಸಬಹುದೇ?
— ಓದುಗರು, ಮುದ್ದೇಬಿಹಾಳ

ಉತ್ತರ: ಅಕ್ಷರದ ಆಕಾರದ ಬಗ್ಗೆ ಕೇಳುವವರು ಕಡಿಮೆ. ತಾವು ಕೇಳಿದ್ದು ಸಂತೋಷ. ಬಳಸಬಹುದು, ಆದರೆ ಸ್ವಲ್ಪ ಎಚ್ಚರ ಬೇಕು.

ಈ ಶೈಲಿಗೆ ಎರಡು ಬೇರುಗಳಿವೆ. ಮೊದಲನೆಯದು ಇಟಲಿಯದು. ಟ್ಯೂರಿನ್ ನಗರದ ನೆಬಿಯೋಲೊ ಅಚ್ಚುಮೊಳೆ ಕಾರ್ಖಾನೆಯಿಂದ 1952ರಲ್ಲಿ ‘ಮೈಕ್ರೊಗ್ರಾಮ’ ಬಂತು. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಆಲ್ಡೊ ನೊವಾರೆಸೆ 1962ರಲ್ಲಿ ಅದನ್ನೇ ಬೆಳೆಸಿ ‘ಯುರೋಸ್ಟೈಲ್’ ಮಾಡಿದರು. ಮೂಲೆ ದುಂಡಗಾದ ಚೌಕ, ಆಗಿನ ಟಿ.ವಿ. ಪರದೆಯದೇ ಆಕಾರ. 1968ರ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರದಲ್ಲಿ ಕಾಣಿಸಿಕೊಂಡ ಮೇಲೆ ಅದು ಬಾಹ್ಯಾಕಾಶದ ಅಕ್ಷರವೆಂದೇ ಜನರ ಮನಸ್ಸಿನಲ್ಲಿ ನಿಂತಿತು.

ಎರಡನೆಯ ಬೇರು ತಮ್ಮ ಮನೆಯಲ್ಲೇ ಇದೆ. ಚೆಕ್ ಪುಸ್ತಕದ ಕೆಳ ಅಂಚನ್ನು ನೋಡಿ. ಅಲ್ಲಿನ ಅಂಕಿಗಳು ಒಂದೊಂದು ಕಡೆ ಗಂಟು ಕಟ್ಟಿದಂತೆ ದಪ್ಪಗಿವೆ. ಅವು ಕಾಂತೀಯ ಶಾಯಿಯಲ್ಲಿ ಅಚ್ಚಾದವು. ಒಂದೊಂದು ಅಂಕಿಯೂ ಯಂತ್ರಕ್ಕೆ ಬೇರೆ ಬೇರೆ ಸಂಕೇತ ಕೊಡಲೆಂದು ಈ ದಪ್ಪ. ಇದರ ಹೆಸರು ಇ-13ಬಿ.

ಇಲ್ಲಿ ಗೊಂದಲವಾಗುವುದು ಸಹಜ. ಆ ಸಿನಿಮಾ ಅಕ್ಷರಗಳನ್ನು ಯಂತ್ರವೇನೂ ಓದುತ್ತಿರಲಿಲ್ಲ. ಇ-13ಬಿಯಲ್ಲಿ ಇರುವುದೇ ಹತ್ತು ಅಂಕಿ, ನಾಲ್ಕು ಚಿಹ್ನೆ. ಎ, ಬಿ, ಸಿ ಇಲ್ಲವೇ ಇಲ್ಲ. ಆ ಗಂಟುಗಳನ್ನು ಅಕ್ಷರಗಳಿಗೂ ತೊಡಿಸಿದವರು ವಿನ್ಯಾಸಕಾರರು. ಲೆಟ್ರಾಸೆಟ್ ಕಂಪನಿ 1970ರಲ್ಲಿ ತಂದ ‘ಡೇಟಾ 70’ ಅಂಥದ್ದು.

ಇನ್ನು ಕನ್ನಡ. ನಮ್ಮ ಅಕ್ಷರಗಳು ಮೊದಲೇ ದುಂಡು. ಅವನ್ನು ಮೆತ್ತನೆಯ ಚೌಕಕ್ಕೆ ಒಗ್ಗಿಸುವುದು ಕಷ್ಟವಲ್ಲ, ಚೆನ್ನಾಗಿಯೂ ಕಾಣುತ್ತದೆ. ತೊಡಕಿರುವುದು ಗಂಟುಗಳಲ್ಲಿ. ‘ರ’ದ ಹೊಟ್ಟೆಯಲ್ಲಿ ಚುಕ್ಕಿ ಇಟ್ಟರೆ ‘ಠ’. ‘ದ’ದ ಕೆಳಗೆ ಸೀಳು ಬಂದರೆ ‘ಧ’, ಅದರೊಳಗೆ ಚುಕ್ಕಿಯೂ ಸೇರಿದರೆ ‘ಥ’. ಗೆರೆ ದಪ್ಪವಾದಷ್ಟೂ ಈ ಚುಕ್ಕಿ, ಸೀಳು ಮುಚ್ಚಿಹೋಗಿ ‘ಪಾಠ’ ಹೋಗಿ ‘ಪಾರ’ ಆದೀತು. ಆದ್ದರಿಂದ ಚೌಕವನ್ನು ತೆಗೆದುಕೊಳ್ಳಿ, ಗಂಟನ್ನು ಬಿಡಿ.

ಒತ್ತಕ್ಷರವನ್ನೂ ಗಮನಿಸಿ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಈ ಊರುಗಳ ಹೆಸರಿನಲ್ಲಿ ಒತ್ತಿಲ್ಲ. ಒಂದೇ ಪಟ್ಟಿಯಲ್ಲಿ ಅಗಲವಾಗಿ ಕೂರುತ್ತವೆ. ತಮ್ಮ ಮುದ್ದೇಬಿಹಾಳದ ‘ದ್ದೇ’ ಕೆಳಗಿಳಿಯುತ್ತದೆ. ಅದನ್ನು ಕುಗ್ಗಿಸಿ ಪಟ್ಟಿಯೊಳಗೆ ತುರುಕಬೇಡಿ, ಸಾಲಿನ ಕೆಳಗೆ ಜಾಗ ಬಿಡಿ.

ಕೈಯಲ್ಲಿ ಬರೆಸಲು ಆಗದಿದ್ದರೆ ಏಕ್ ಟೈಪ್ ತಂಡದ ‘ಅನೇಕ್ ಕನ್ನಡ’ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಅದು ಅಪ್ಪಟ ಸಿನಿಮಾ ಶೈಲಿಯದಲ್ಲ. ಆದರೆ ಅಗಲ, ದಪ್ಪ ಎರಡನ್ನೂ ಬೇಕಾದಂತೆ ಹೊಂದಿಸಬಹುದು. ಅಗಲ ಹೆಚ್ಚಿಸಿದ ರೂಪದಲ್ಲಿ ಮೇಳದ ಹೆಸರು ಹಾಕಿ. ಶೀರ್ಷಿಕೆ, ಪೋಸ್ಟರು, ಲಾಂಛನ, ಇಷ್ಟಕ್ಕೇ ಈ ಶೈಲಿ. ದಿನಾಂಕ, ಸ್ಥಳ, ಅತಿಥಿಗಳ ಹೆಸರು ಸಾದಾ ಅಕ್ಷರದಲ್ಲೇ ಇರಲಿ.