ಹಿರಿಯರ ಮಾತು ಮೊದಲು

ಅಣ್ಣಾ ನಗರದಲ್ಲಿ ಬ್ಯಾಂಕಿಗೋ ಆಸ್ಪತ್ರೆಗೋ ಹೋಗಬೇಕಾದ ಕನ್ನಡದ ಹಿರಿಯರಿಗೆ ಅನೇಕ ವೇಳೆ ತಮಿಳು ಬಲ್ಲ ನೆರೆಯವರೇ ಆಧಾರ. ಗುಮಾಸ್ತರಾದ ನಮಗೆ ಅರ್ಜಿ ಬರೆದುಕೊಡುವುದು ಹೊಸದಲ್ಲ. ಆದರೆ ಸಹಾಯಕ್ಕೆ ಹೋದವರು ಹಿರಿಯರ ಮಾನವನ್ನೂ ಕಾಯಬೇಕು. ಈ ಸಲದ ಪಾಠ ಅದನ್ನು ಕುರಿತದ್ದು.

ಊರು ಬಿಟ್ಟು ಮಗನ ಮನೆಗೆ ಬಂದಿರುವ ಒಬ್ಬ ಅಜ್ಜಿಯನ್ನು ನೆನೆಯೋಣ. ಕಣ್ಣು ಮಂದ, ಕಿವಿ ಮಂದ, ತಮಿಳು ಬಾರದು. ಅಧಿಕಾರಿ ಕೇಳಿದ್ದಕ್ಕೆಲ್ಲ ಜತೆಯವರೇ ಉತ್ತರ ಕೊಡುತ್ತಾರೆ; ಅಜ್ಜಿ ಹೆಬ್ಬೆಟ್ಟು ಒತ್ತುತ್ತಾರೆ. ಕೆಲಸ ಬೇಗ ಮುಗಿಯಿತು, ನಿಜ. ಆದರೆ ಅದು ಪಿಂಚಣಿಯ ಅರ್ಜಿಯೋ, ಊರಿನ ಮನೆಯ ದಾನಪತ್ರವೋ? ಅವರಿಗೆ ತಿಳಿಯದು. ಹೀಗೆ ನಡೆದುಕೊಂಡವರು ಎಷ್ಟು ಸಲ ಕಾಲಿಗೆರಗಿದರೇನು ಫಲ?

ಆದುದರಿಂದ ಇಷ್ಟನ್ನು ರೂಢಿಸಿಕೊಳ್ಳೋಣ:

1. ಏನೆಂದು ಕರೆಯಲೆಂದು ಅವರನ್ನೇ ಕೇಳಿರಿ. ಒಬ್ಬರಿಗೆ ‘ಅಜ್ಜಿ’ ಹಿತ, ಇನ್ನೊಬ್ಬರಿಗೆ ‘ಅಮ್ಮಾ’. ಸಲಿಗೆ ಬೆಳೆದರೂ ‘ನೀವು’ ಬಿಡಬೇಡಿರಿ.

2. ಎದುರಿಗೆ ಕುಳಿತು, ಮುಖ ಕಾಣುವಂತೆ ನಿಧಾನವಾಗಿ ಮಾತನಾಡಿರಿ. ಕಿರುಚುವುದು ಬೇಡ.

3. ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿರಿ. ತಿಳಿದುದನ್ನು ಅವರ ಬಾಯಿಂದಲೇ ಕೇಳಿದ ಮೇಲೆ ರುಜು.

4. ಮನೆಯವರಿಲ್ಲದಾಗ ಒಮ್ಮೆ ಏಕಾಂತದಲ್ಲಿ ವಿಚಾರಿಸಿರಿ. ಕೇಳಿದ್ದು ವಾಚನಾಲಯದ ಜಗಲಿಯ ಮಾತಾಗಬಾರದು.

ಕಾನೂನೂ ಹಿರಿಯರ ಇಚ್ಛೆಗೆ ಬೆಲೆ ಕೊಟ್ಟಿದೆ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಒಂದು ಕಾಯಿದೆಯಾಯಿತು. ಅದರಲ್ಲಿ 60 ವರ್ಷ ತುಂಬಿದವರು ಹಿರಿಯ ನಾಗರಿಕರು. ಜೀವನಾಂಶಕ್ಕಾಗಿ ಅವರೇ ಅರ್ಜಿ ಕೊಡಬಹುದು. ಅಶಕ್ತರಾದರೆ ಅವರು ಅಧಿಕಾರ ಕೊಟ್ಟ ವ್ಯಕ್ತಿಯೋ ಸಂಸ್ಥೆಯೋ ಕೊಡಬಹುದು. ಕಾಯಿದೆ ಜಾರಿಯಾದ ಮೇಲೆ, ನೋಡಿಕೊಳ್ಳಬೇಕೆಂಬ ಷರತ್ತಿನಿಂದ ಆಸ್ತಿ ಕೊಟ್ಟಿದ್ದು, ಪಡೆದವರು ಕೈಬಿಟ್ಟರೆ, ಆ ಪತ್ರವನ್ನು ರದ್ದುಮಾಡಿಸಲು ನ್ಯಾಯಮಂಡಳಿಯನ್ನು ಕೇಳಬಹುದು. ಹೆಬ್ಬೆಟ್ಟು ಒತ್ತುವ ಮುನ್ನವೇ ಆ ಷರತ್ತು ಬರೆದಿದೆಯೇ ಎಂದು ನೋಡುವುದು ಸಹಾಯಕರ ಕೆಲಸ.

ಎಲ್ಲ ತಿಳಿಸಿದ ಮೇಲೂ ಅಜ್ಜಿ, “ಮಗನ ಮೇಲೆ ದೂರು ಬೇಡಪ್ಪಾ” ಎಂದರೆ? ಕೋಪಿಸಿಕೊಳ್ಳಬಾರದು, ಅವರಿಗೆ ತಿಳಿಯದಂತೆ ಅರ್ಜಿಯನ್ನೂ ಹಾಕಬಾರದು. ಅದು ತಾಯಿಯ ಮಮತೆಯಿರಬಹುದು, ಭಯವೂ ಇರಬಹುದು. ಇನ್ನೊಂದು ದಿನ ಹೋಗಿ ಮತ್ತೆ ಕೇಳಿರಿ. ಆದರೆ ಹೊಡೆತ, ಉಪವಾಸ ಕಂಡುಬಂದರೆ ಸುಮ್ಮನಿರಬೇಡಿರಿ; ಹಿರಿಯರ ಸಹಾಯವಾಣಿ 14567ಕ್ಕೆ ತಿಳಿಸಿರಿ. ಉಳಿದೆಲ್ಲ ವಿಷಯಗಳಲ್ಲಿ ಮೊದಲ ಮಾತೂ ಕೊನೆಯ ಮಾತೂ ಅವರದೇ ಆಗಿರಲಿ.