ಸಮೂಹಗಾನದ ಶಿಕ್ಷಣ

ಸಮೂಹಗಾನದ ನಾಯಕನು ಹಾಡುವವನಲ್ಲ, ಹಾಡಿಸುವವನು. ಸಂಗೀತವು ಪ್ರತಿಯೊಂದು ಮಗುವಿಗೂ ಸಲ್ಲಬೇಕೆಂದು ಶ್ರಮಿಸಿದವರು ಹಂಗೇರಿಯ ಸಂಗೀತಜ್ಞ ಜೊಲ್ಟಾನ್ ಕೊಡಾಯ್ (1882–1967). ಅವರ ಜನ್ಮಸ್ಥಳವಾದ ಕೆಚ್ಕೆಮೇಟ್‌ನಲ್ಲಿ 1950ರಲ್ಲಿ ನಿತ್ಯವೂ ಗಾನಪಾಠ ನಡೆಯುವ ಪ್ರಾಥಮಿಕ ಶಾಲೆಯು ಆರಂಭವಾಯಿತು.

ಇಂಗ್ಲೆಂಡಿನ ಜಾನ್ ಕರ್ವೆನ್ ರೂಪಿಸಿದ ಹಸ್ತಸಂಜ್ಞೆಗಳನ್ನು ಈ ಪದ್ಧತಿಯು ಅಳವಡಿಸಿಕೊಂಡಿತು. ಒಂದೊಂದು ಸ್ವರಕ್ಕೆ ಒಂದೊಂದು ಮುದ್ರೆ. ನಮ್ಮ ಷಡ್ಜದಂತೆಯೇ ಆಧಾರಸ್ವರವನ್ನು ಎಲ್ಲಿ ಬೇಕಾದರೂ ನೆಲೆಗೊಳಿಸಬಹುದು. ಶಿಕ್ಷಕನು ಬಲಗೈಯಿಂದ ಒಂದು ಗುಂಪಿಗೂ ಎಡಗೈಯಿಂದ ಇನ್ನೊಂದು ಗುಂಪಿಗೂ ಬೇರೆ ಬೇರೆ ಸ್ವರ ತೋರಿದರೆ ಎರಡು ಧ್ವನಿಗಳ ಗಾನವು ಮೂಡುತ್ತದೆ. ಆಗ ಪ್ರತಿಯೊಂದು ಮಗುವೂ ತನ್ನ ಸ್ವರವನ್ನು ಬಿಡದೆ ನೆರೆಯ ಸ್ವರಕ್ಕೂ ಕಿವಿಗೊಡಬೇಕು.

ಅಪಸ್ವರ ಹಾಡುವ ಮಗುವಿನ ಬಾಯಿ ಮುಚ್ಚಿಸುವುದು ಸುಲಭ. ಅದರ ಕಿವಿ ತೆರೆಯಿಸುವುದೇ ಶಿಕ್ಷಕನ ಧರ್ಮ.